ತಳ್ಳಿದ ಕಡೆಗೆ

ಅಪ್ಪ ಡಿಸಿ ಮೋಟರಿನ ಮನುಷ್ಯ, ನಾನು ಎಸಿ ಮೋಟರಿನವಳು. ಅವನು ಒಂದು ದೊಡ್ಡ ಗೋದಾಮಿನಲ್ಲಿ ಸಾಮಾನು ಎಳೆಯುವ ಬ್ಯಾಟರಿ ಗಾಡಿಗಳ ಮೋಟರ್ ನೋಡಿಕೊಳ್ಳುತ್ತಿದ್ದ. ನಾನು ಮಾರ್ಕೆಟ್ಟಿನ ಹಿಂದೆ ಗೂಡಿನಂಥ ಅಂಗಡಿ ಇಟ್ಟುಕೊಂಡು, ಸುಟ್ಟುಹೋದ ಪಂಪು, ಫ್ಯಾನುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುತ್ತೇನೆ. ಊಟಕ್ಕೆ ಕೂತರೆ ಇಬ್ಬರಿಗೂ ಇದೇ ಜಗಳ, ಯಾರ ಮೋಟರ್ ಹೆಚ್ಚು ಅಂತ.

ಡಿಸಿ ಮೋಟರು ಬ್ಯಾಟರಿಗೆ ಸಿಕ್ಕಿಸಿದ ಕ್ಷಣ ಎದ್ದು ಎಷ್ಟೇ ಭಾರವಿದ್ದರೂ ಎಳೆಯುತ್ತದೆ ಅನ್ನುವುದು ಅವನ ಹೆಮ್ಮೆ. ಎಳೆಯುತ್ತದೆ ಸರಿ, ಆದರೆ ಒಳಗೆ ತಿರುಗುವ ತಾಮ್ರಕ್ಕೆ ಉಜ್ಜಿಕೊಂಡೇ ಇರುವ ಕಾರ್ಬನ್ ಬ್ರಷ್ಷುಗಳು ಸವೆಯುತ್ತಲೇ ಇರುತ್ತವೆ, ನನ್ನ ಎಸಿ ಮೋಟರಿನಲ್ಲಿ ಉಜ್ಜುವಂಥದ್ದೇ ಇಲ್ಲ ಅನ್ನುವುದು ನನ್ನ ವಾದ.

“ಓಡೋ ಮಾತು ಆಮೇಲೆ, ಮೊದಲು ಏಳಬೇಕಲ್ಲ ಡಾಕ್ಟರಮ್ಮ,” ಅನ್ನುತ್ತಿದ್ದ. ಸದ್ದು ಕೇಳಿಯೇ ಮೋಟರಿನ ರೋಗ ಹೇಳುತ್ತೇನೆ ಅಂತ ನನಗೆ ಅವನಿಟ್ಟ ಹೆಸರು ಅದು. “ಮನೆ ಕರೆಂಟಿಗೆ ಹಾಕಿದ್ರೆ, ಕೆಪಾಸಿಟರ್ ಇಲ್ಲದೆ ನಿನ್ನ ಮೋಟರ್ ಕೂತಲ್ಲೇ ಗುಂಯ್ ಅನ್ನುತ್ತೆ ಅಷ್ಟೆ. ಯಾವ ಕಡೆ ತಿರುಗಬೇಕು ಅನ್ನೋದೇ ಗೊತ್ತಿಲ್ಲ ಅದಕ್ಕೆ. ನಾವೇ ತಳ್ಳಬೇಕು. ನಿಮ್ಮಮ್ಮನ ಥರ. ಎಬ್ಬಿಸೋಕೆ ಒಬ್ಬರು ಬೇಕು, ಎದ್ದಮೇಲೆ ಯಾರ ಮಾತೂ ಕೇಳಲ್ಲ.”

“ನೀವು ಡಿಸಿ ಅಂತಲೇ ಇಟ್ಟುಕೊಳ್ಳೋಣ. ಸವೆದು ಸವೆದು ಕಡ್ಡಿ ಆಗಿದ್ದೀರಲ್ಲ, ಸಾಕ್ಷಿ ಬೇರೆ ಬೇಕಾ?” ಅಂತ ಅಮ್ಮ ಅಡುಗೆಮನೆಯಿಂದಲೇ ತಿರುಗೇಟು ಕೊಡುತ್ತಿದ್ದಳು. ಆಗ ಅವಳು ಇನ್ನೂ ಓಡಾಡುತ್ತಿದ್ದಳು.

ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅಮ್ಮ ಮಂಚ ಹಿಡಿದಳು. ಒಳಕೋಣೆಯಲ್ಲಿ ಎರಡು ಮಂಚ, ನಡುವೆ ಸ್ಟೂಲಿನ ಮೇಲೆ ಒಂದು ಹಳೆಯ ಟೇಬಲ್ ಫ್ಯಾನು. ಅದರ ಮುಖ ಅಮ್ಮನ ಕಡೆ, ಬೆನ್ನು ಅಪ್ಪನ ಕಡೆ. ಕತ್ತು ತಿರುಗಿಸುವ ಗೇರು ಯಾವತ್ತೋ ಹಲ್ಲುದುರಿಸಿಕೊಂಡಿತ್ತು, ಕೆಪಾಸಿಟರೂ ಸತ್ತುಹೋಗಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಮಧ್ಯಾಹ್ನ ಮಲಗುವ ಮುಂಚೆ ಸ್ವಿಚ್ ಹಾಕಿ, ಜಾಲರಿಯ ಸಂದಿಯಲ್ಲಿ ಒಂದು ಮರದ ಸ್ಕೇಲು ತೂರಿಸಿ, ರೆಕ್ಕೆಯನ್ನು ಮೆಲ್ಲಗೆ ತಳ್ಳುತ್ತಿದ್ದ. ಫ್ಯಾನು ತಿರುಗಿಕೊಳ್ಳುತ್ತಿತ್ತು.

“ಬರ್ತಾ ಇದೆಯಾ ಗಾಳಿ?” ಅನ್ನುತ್ತಿದ್ದ.

“ಬರ್ತಿದೆ, ಮಲಗಿ,” ಅನ್ನುತ್ತಿದ್ದಳು.

ಮೋಟರ್ ರಿಪೇರಿ ಮಾಡುವವಳ ಮನೆಯಲ್ಲೇ ಇಂಥ ಫ್ಯಾನು ಅಂದರೆ ನನಗೆ ನಾಚಿಕೆಗೇಡು. ಹೊಸ ಕೆಪಾಸಿಟರ್ ಹಾಕುತ್ತೇನೆ ಅಂತ ಎಷ್ಟು ಸಲ ಹೇಳಿದರೂ ಅಪ್ಪ ಬಿಡಲಿಲ್ಲ. “ನನ್ನ ಕೈಗೂ ಒಂದು ಕೆಲಸ ಇರಲಿ ಬಿಡು,” ಅನ್ನುತ್ತಿದ್ದ. ಅಮ್ಮ ಮಂಚ ಹಿಡಿದ ಮೂರನೇ ಬೇಸಿಗೆಯಲ್ಲಿ ಒಮ್ಮೆ ಅವಳನ್ನು ನಗಿಸಲು ರೆಕ್ಕೆಯನ್ನು ಉಲ್ಟಾ ತಳ್ಳಿ ತೋರಿಸಿದ್ದ. ಫ್ಯಾನು ಹಿಂದುಮುಂದಾಗಿ ತಿರುಗಿ, ಗಾಳಿ ಅವನ ಮಂಚದ ಕಡೆ ಹೋಯಿತು. “ನೋಡು, ತಳ್ಳಿದ ಕಡೆಗೆ ಹೋಗುತ್ತೆ ಪಾಪ,” ಅಂದು, ಆರಿಸಿ, ಮತ್ತೆ ಅವಳ ಕಡೆಗೇ ತಳ್ಳಿದ್ದ.

ಅದೇ ಬೇಸಿಗೆಯಲ್ಲಿ ಅಪ್ಪ ಹೋದ. ಗೋದಾಮಿನಲ್ಲಿ ಒಂದು ಗಾಡಿಯ ಬ್ರಷ್ಷು ಬದಲಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಕೂತವನು ಏಳಲಿಲ್ಲ.

ಅಮ್ಮ ಅಳಲಿಲ್ಲ. ನನಗೆ ಭಯ ಹತ್ತಿದ್ದು ಅವಳ ಬೆನ್ನಿನದು. ಮಲಗಿ ಮಲಗಿ ಚರ್ಮ ಕೆಂಪಗಾಗಿತ್ತು. ಬೆವರು ನಿಂತರೆ ಹುಣ್ಣಾಗುತ್ತೆ, ಈ ವಯಸ್ಸಿಗೆ ಹುಣ್ಣಾದರೆ ಉಳಿಸಿಕೊಳ್ಳೋದು ಕಷ್ಟ, ಗಾಳಿ ಆಡ್ತಾ ಇರಲಿ ಅಂತ ಡಾಕ್ಟರು ಹೇಳಿದ್ದರು. ಅಪ್ಪನನ್ನು ಕಳೆದುಕೊಂಡಾಗಿತ್ತು. ಇವಳನ್ನೂ ಕಳೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಬೆಳಿಗ್ಗೆ ನಾನೇ ಫ್ಯಾನು ತಳ್ಳಿ, ಕರೆಂಟು ಹೋಗಿ ಬಂದರೆ ಇರಲಿ ಅಂತ ಸ್ಕೇಲು ಅವಳ ಕೈಗೆ ಸಿಗುವಂತಿಟ್ಟು ಅಂಗಡಿಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಅಮ್ಮನ ರವಿಕೆ ಬೆವರಿಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಫ್ಯಾನೇನೋ ತಿರುಗುತ್ತಿತ್ತು. ಸದ್ದು ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಉಲ್ಟಾ ತಿರುಗುತ್ತಿದೆ ಅಂತ. ಅಪ್ಪನ ಖಾಲಿ ಮಂಚದ ಮೇಲಿನ ಹೊದಿಕೆಯ ಅಂಚು ಅಲ್ಲಾಡುತ್ತಿತ್ತು.

“ತಪ್ಪು ಕಡೆ ತಳ್ಳಿದ್ದೀಯಲ್ಲಮ್ಮ.”

ಆರಿಸಿ, ಅವಳ ಕಡೆಗೆ ತಳ್ಳಿದೆ. ಮರುದಿನವೂ ಅದೇ ಕತೆ. ಅದರ ಮರುದಿನ ಅಂಗಡಿಯಿಂದ ಕೆಪಾಸಿಟರ್ ತಂದು ಹತ್ತೇ ನಿಮಿಷದಲ್ಲಿ ಕೂರಿಸಿದೆ. ಸ್ವಿಚ್ ಹಾಕಿದರೆ ಸಾಕು, ಫ್ಯಾನು ತಾನಾಗಿಯೇ, ಪ್ರತಿ ಸಲವೂ ಸರಿಯಾದ ಕಡೆಗೇ ತಿರುಗುತ್ತಿತ್ತು. “ಇನ್ನು ತಳ್ಳೋ ತಾಪತ್ರಯ ಇಲ್ಲ,” ಅಂದು ಸ್ಕೇಲನ್ನು ಅಟ್ಟದ ಮೇಲೆ ಎಸೆದೆ. ಇಷ್ಟು ದಿನದಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸ ಅನ್ನಿಸಿತ್ತು.

ಆವತ್ತಿನಿಂದ ಅಮ್ಮ ಫ್ಯಾನೇ ಹಾಕಲಿಲ್ಲ. ನಾನು ಹಾಕಿ ಹೋದರೆ ಕೈ ಚಾಚಿ ಆರಿಸುತ್ತಿದ್ದಳು. ಬೆನ್ನಿನ ಮೇಲೆ ರೂಪಾಯಿಯಗಲ ಚರ್ಮ ಕಿತ್ತುಬಂದದ್ದು ಕಂಡ ದಿನ ನನ್ನ ಪಿತ್ತ ನೆತ್ತಿಗೇರಿತು.

“ಏನಮ್ಮ ನಿಂದು? ಹಟ ಮಾಡಿ ನೀನೂ ಹೋಗಬೇಕು ಅಂತಿದ್ದೀಯ? ನನಗೆ ಇನ್ಯಾರಿದ್ದಾರೆ?”

ಅಮ್ಮ ಫ್ಯಾನಿನ ಕಡೆ ಕೈ ತೋರಿಸಿದಳು. “ಅದನ್ನ ಮೊದಲಿನ ಥರ ಕೆಡಿಸಿಕೊಡು.”

“ಕೆಡಿಸೋದಾ?”

“ಈಗ ನನ್ನ ಕಡೆ ಬಿಟ್ಟು ಬೇರೆ ಕಡೆ ತಿರುಗಲ್ಲ ಅದು,” ಅಂದಳು. “ಅಷ್ಟು ವರ್ಷ ಅವರು ಅದರ ಬೆನ್ನಿಗೆ ಮಲಗಿದರು ಕಣೇ. ಬರ್ತಾ ಇದೆಯಾ ಅಂತ ದಿನಾ ನನ್ನ ಕೇಳೋರು. ನಿಮಗೆ ಬರ್ತಾ ಇದೆಯಾ ಅಂತ ಒಂದು ದಿನಕ್ಕೂ ನಾನು ಕೇಳಲಿಲ್ಲ. ಈಗಲಾದರೂ ಸ್ವಲ್ಪ ಆ ಕಡೆ ಹೋಗಲಿ ಅಂತ ತಳ್ಳಿದ್ದೆ.”

ಮೋಟರಿನ ಸದ್ದು ಕೇಳಿಯೇ ರೋಗ ಹೇಳುವವಳು, ಅಮ್ಮ ಬೇಕೆಂದೇ ಮಾಡಿದ್ದನ್ನು ದೋಷ ಅಂದುಕೊಂಡು ರಿಪೇರಿ ಮಾಡಿದ್ದೆ. ಫ್ಯಾನನ್ನೇ ತಿರುಗಿಸಿಡುತ್ತೇನೆ, ಎರಡೂ ಕಡೆ ತಿರುಗುವ ಹಾಗೆ ಇನ್ನೊಂದು ಸ್ವಿಚ್ ಕೂರಿಸಿಕೊಡುತ್ತೇನೆ ಅಂದೆ. ಅವಳು ತಲೆ ಅಲ್ಲಾಡಿಸಿದಳು. ತಾನೇ ತಳ್ಳಬೇಕು ಅವಳಿಗೆ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದಿನವೆಲ್ಲ ಗಾಳಿ ಅವಳ ಬೆನ್ನಿಗೆ. ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಸ್ವಲ್ಪ ಹೊತ್ತು ಮಾತ್ರ ಆ ಕಡೆಗೆ. ಅಟ್ಟ ಹತ್ತಿ ಸ್ಕೇಲು ಹುಡುಕಿ ತಂದೆ. ಕೆಪಾಸಿಟರಿನ ತಂತಿ ಕಡಿದೆ. ನನ್ನ ಕೈಯಾರೆ ಕೆಡಿಸಿದ ಮೋಟರು ಅದೊಂದೇ.

ಸ್ವಿಚ್ ಹಾಕಿದರೆ ಫ್ಯಾನು ತಿರುಗದೆ ಗುಂಯ್ ಅನ್ನುತ್ತ ನಿಂತಿತು. ನಾನು ಅಪ್ಪನ ಮಂಚದ ಮೇಲೆ ಮಲಗಿದೆ. ಅವನು ಹೋದ ಮೇಲೆ ಅಲ್ಲಿ ಯಾರೂ ಮಲಗಿರಲಿಲ್ಲ. ಗೋಡೆ ಬಿಸಿಲಿಗೆ ಕಾದು ಹೆಂಚಾಗಿತ್ತು. ಫ್ಯಾನಿನ ಬೆನ್ನಿಗೆ ಗಾಳಿಯೇ ಇಲ್ಲ, ಮೋಟರಿನ ಕಾವು ಮಾತ್ರ. ಇಲ್ಲಿ ಮಲಗಿಯೇ ಅವನು ದಿನಾ ನಿದ್ದೆ ಮಾಡಿ ಎದ್ದು, ನಗುತ್ತ ಕೆಲಸಕ್ಕೆ ಹೋಗುತ್ತಿದ್ದ.

ಅಮ್ಮ ಸ್ಕೇಲು ತೂರಿಸಿ ಉಲ್ಟಾ ತಳ್ಳಿದಳು. ರೆಕ್ಕೆ ತಡವರಿಸಿ, ತಿರುಗಿ, ವೇಗ ಹಿಡಿಯಿತು. ಗಾಳಿ ನನ್ನ ಕುತ್ತಿಗೆಗೆ ತಾಗಿತು. ಸಣ್ಣ ಗಾಳಿ, ಅಮ್ಮನ ಕಡೆ ಬರುವುದರ ಅರ್ಧವೂ ಇಲ್ಲ.

“ಬರ್ತಾ ಇದೆಯಾ?” ಅಂದಳು ಅಮ್ಮ. ಕೇಳಿದ್ದು ನನ್ನನ್ನಲ್ಲ.

ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ. “ಬರ್ತಿದೆ,” ಅಂದೆ. “ಮಲಗು.”