ಕೆಲಸ ಮಾಡಲು ಇಷ್ಟವಿಲ್ಲ

"ಇನ್ನೊಂದಡಿ ಇಳೀಬೇಕು ಕಣ್ರಲಾ, ಅಣ್ಣ ಎತ್ರದಾಳು" ಎನ್ನುತ್ತ ಸಿದ್ದೇಶ್ವರ ಗುಂಡಿಯೊಳಗಿಂದ ಮಣ್ಣು ಎಸೆದ. ಊರಲ್ಲಿ ಯಾರು ಸತ್ತರೂ ಗುಂಡಿ ತೋಡುತ್ತಿದ್ದವನು ರುದ್ರೇಶ. ಇವತ್ತು ಅವನ ಗುಂಡಿಯನ್ನು, ಅವನ ಜೊತೆ ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತಿದವರು ತೋಡುತ್ತಿದ್ದರು.

"ಇಂಥೋನ್ಗೆ ಕೆಲ್ಸ ಮಾಡಾಕೆ ಇಷ್ಟ ಇಲ್ಲ ಅಂತ ಬರುದ್ರಲ್ಲ, ಅವ್ರ ಮನೆ ಹಾಳಾಗ."

ಸಿದ್ದೇಶ್ವರ ಮತ್ತೆ ಗುದ್ದಲಿ ಎತ್ತಿದ.

* * *

ಬರೆದದ್ದು ಹೋದ ವರ್ಷ. ಪಂಚಾಯ್ತಿಯಿಂದ ಖಾತ್ರಿ ಕೆಲಸದವರ ಪಟ್ಟಿ ತಪಾಸಣೆಗೆ ಬಂದ ದಿನ ರುದ್ರೇಶ ಯಾರದೋ ಗುಂಡಿ ತೋಡಲು ಹೋಗಿದ್ದ. ಮನೆಗೆ ಬೀಗ. ಪಾಪ, ಸಾಹೇಬರು ಬಿಸಿಲಲ್ಲಿ ಎಷ್ಟು ಹೊತ್ತು ಕಾದಾರು? 'ಕೆಲಸ ಮಾಡಲು ಇಷ್ಟವಿಲ್ಲ' ಎಂದು ಮೊಬೈಲಿನಲ್ಲಿ ಕಾರಣ ಒತ್ತಿ ಪಟ್ಟಿಯಿಂದ ಹೆಸರು ತೆಗೆದರು. ಕೆಲಸ ಹೋಯಿತು, ಕೆಲಸ ಕೊಡದಿದ್ದರೆ ಕೊಡಬೇಕಾದ ಭತ್ಯೆಯೂ ಹೋಯಿತು.

"ನಾನ್ಯಾವತ್ತು ಕೆಲ್ಸ ಬ್ಯಾಡ ಅಂದೆ ಸಾ?" ಎಂದು ಕೇಳಲು ಅವನು ಕೊಣನೂರಿನಿಂದ ಅರಕಲಗೂಡಿನ ತಾಲ್ಲೂಕು ಪಂಚಾಯ್ತಿಗೆ ಹನ್ನೊಂದು ಸಲ ಬಸ್ಸು ಹತ್ತಿದ. ಮೇಲ್ಮನವಿ ಕೊಟ್ಟ. ಭತ್ಯೆಗಿಂತ ಆ ಮಾತೇ ಅವನನ್ನು ತಿಂದಿತು. ಹೆಂಡತಿ ಬಸವಲಿಂಗಮ್ಮನ ಎದುರು ಸುಮ್ಮನೆ ಕೂರಲೂ ನಾಚುತ್ತಿದ್ದ. ಬೆಳಗಾದರೆ ಗುದ್ದಲಿ ಹಿಡಿದು, ಯಾರೂ ಹೇಳದಿದ್ದರೂ ಬೀದಿಯ ಚರಂಡಿ ಕೆರೆಯುತ್ತಿದ್ದ. ನಿನ್ನೆ ಅಲ್ಲೇ ಕುಸಿದ.

* * *

ಜಗಲಿಯ ಮೇಲೆ ವಿಭೂತಿ ಬಳಿದು ಅವನನ್ನು ಕೂರಿಸಿದ್ದರು. ಖಾತ್ರಿ ಕೆಲಸದ ಹಾಜರಿ ಹಾಕುವ ಶಿವರಂಜನಿ ಅಳುತ್ತಲೇ ಬಂದಳು.

"ಆರ್ಡರ್ ಬಂತು ಕಣಕ್ಕಾ. ಎಸ್ರು ಸೇರ್ಸಿ, ಅರ್ಜಿ ಕೊಟ್ಟ ದಿನದಿಂದ್ಲೇ ಭತ್ಯೆ ಕೊಡಿ ಅಂತ."

"ಆ ಮಾತು ಅಳಿಸ್ತಾರಾ?" ಎಂದಳು ಬಸವಲಿಂಗಮ್ಮ.

"ಎಸ್ರು ಸೇರುದ್ರೆ ಅಳಿಸೋಯ್ತದೆ. ಆದ್ರೆ ಸೇರ್ಸಾಕೆ ಅಣ್ಣನೇ ಮೊಬೈಲ್‌ಗೆ ಮುಖ ತೋರುಸ್ಬೇಕು. ಇವತ್ತೇ ಕಡೇ ದಿನ. ಇಲ್ದಿದ್ರೆ ಆ ಅಳೇ ಮಾತೇ ಉಳಿತದೆ."

"ತೋರ್ಸು."

"ಅಂಗೆಲ್ಲ ಆಗಲ್ಲಕ್ಕಾ..."

"ಮುಖ ಐತಲ್ಲವ್ವ! ಇನ್ನೊಂದ್ ಗಳ್ಗೆಗೆ ಅದೂ ಇರಾಕಿಲ್ಲ. ಆ ಮಾತ ಒತ್ಕಂಡು ಮಣ್ಣಿಗೋಗಾದ್ ಬ್ಯಾಡ."

ಶಿವರಂಜನಿ ಕಣ್ಣೊರೆಸಿಕೊಂಡು ಮೊಬೈಲಿನಲ್ಲಿ ಅವನ ಹೆಸರು ತೆರೆದಳು. ಅವನ ಮುಖದ ಮುಂದೆ ಹಿಡಿದಳು. ಬಸವಲಿಂಗಮ್ಮ ಸೆರಗಿನಿಂದ ಗಂಡನ ಹಣೆಯ ವಿಭೂತಿ ಒರೆಸಿದಳು. ಗಲ್ಲ ಹಿಡಿದು ಮುಖ ಎತ್ತಿದಳು. ಪರದೆಯ ಮೇಲೆ ಹಸಿರು ಗೆರೆ ಮೂಡಿತು.

"ಕಣ್ಣು ಮಿಟುಕಿಸಿ" ಎಂದಿತು ಮೊಬೈಲು.

ಬಸವಲಿಂಗಮ್ಮ ಎರಡು ಬೆರಳಿನಿಂದ ಗಂಡನ ರೆಪ್ಪೆ ಎತ್ತಿದಳು. ಮುಚ್ಚಿದಳು. ಮತ್ತೆ ಎತ್ತಿದಳು.