ಖಾಲಿ ಊರಿನ ಹಿತ್ತಲು

ಎಡಗಡೆಯದು ಮುಗಿಸಿ ಸಿದ್ದಮ್ಮ ಬಲಗಡೆಗೆ ಕೈ ಹಾಕಿದ್ದಳು. ಎದೆ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಹೆಬ್ಬೆರಳು ಊರಿದ ಕಡೆಯೆಲ್ಲ ಒಂದೊಂದು ಗಂಟು. ಹಲ್ಲು ಕಚ್ಚಿಕೊಂಡು ಒತ್ತಿದಾಗ ಮೊದಲು ನಾಲ್ಕು ಹನಿ, ಆಮೇಲೆ ಸಣ್ಣ ದಾರದಂತೆ ಹಾಲು ಮಣ್ಣಿನ ಕುಡಿಕೆಗೆ ಬಿತ್ತು. ಸಾಕಷ್ಟು ಸೇರಿದ ಮೇಲೆ ಕುಡಿಕೆ ಎತ್ತಿಕೊಂಡು ಹೋಗಿ ಗುಡಿಸಲ ಹಿಂದಿನ ಹೊಂಗೆಗಿಡದ ಬುಡಕ್ಕೆ ಸುರಿಯಬೇಕು. ತಾಯಿಹಾಲನ್ನು ಯಾರೂ ತುಳಿಯಬಾರದು, ಗಿಡದ ಬುಡಕ್ಕೇ ಸೇರಬೇಕು ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಮೊದಲ ದಿನ ಎರಡು ಕುಡಿಕೆ ತುಂಬಿತ್ತು. ಇವತ್ತು ಆರನೆಯ ದಿನ, ಅರ್ಧ ಕುಡಿಕೆಗೇ ಕೈ ಸೋತಿತು.

ಇನ್ನು ನಾಲ್ಕು ದಿನ. ಅಷ್ಟರೊಳಗೆ ಹಾಲು ಬತ್ತಿಬಿಟ್ಟರೆ ಹನ್ನೊಂದು ತಿಂಗಳ ಗುರುಸಿದ್ದನಿಗೆ ಅವಳು ಏನೆಂದು ಕೈ ಚಾಚುವುದು?

ಮಾರಿಕಣಿವೆಯ ಕಟ್ಟೆ ಕೆಲಸ ಮುಗಿದು ಮೂರು ವರ್ಷವಾಗಿತ್ತು. ಆ ವರ್ಷದ ಕಾರ್ತಿಕದಲ್ಲಿ ಮಾಡದಕೆರೆ ಕಡೆಯ ಆ ಊರಿನಲ್ಲಿ ಇಲಿ ಸತ್ತು ಬಿದ್ದವು. ಮೊದಲು ಬಣವೆಯಲ್ಲಿ, ಆಮೇಲೆ ಅಡಿಗೆಮನೆಗಳಲ್ಲಿ. ಪ್ಲೇಗು ಎಂದು ಗೊತ್ತಾದದ್ದೇ ತಡ, ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿಕೊಂಡು ಮೈಲು ದೂರದ ಹೊಲಗಳಲ್ಲಿ ಸೋಗೆ ಗುಡಿಸಲು ಹಾಕಿತು. ಪುಷ್ಯದಲ್ಲಿ ಎರಡು ಹೆಣ ಬಿತ್ತು. ಆಮೇಲೆ ಜಡ್ಡು ತಣ್ಣಗಾಯಿತು. ಆದರೂ ಸರ್ಕಾರದ ಅಪ್ಪಣೆಯಾಗುವತನಕ ಊರೊಳಗೆ ಕಾಲಿಡಬಾರದು, ಇಟ್ಟವರು ಹತ್ತು ದಿನ ದೂರದ ಒಂಟಿ ಗುಡಿಸಲಲ್ಲಿ ಇರಬೇಕು ಎಂದು ಗೌಡ ಚಿತ್ರಲಿಂಗಪ್ಪ ಡಂಗುರ ಸಾರಿಸಿದ್ದ. "ನಮ್ಮನೇರಾದ್ರೂ ಅಷ್ಟೇಯ," ಎಂದೂ ಹೇಳಿದ್ದ. ಹೇಳಿದ್ದನ್ನು ಮಾಡುವ ಮನುಷ್ಯ.

ಸಾವಿನ ನೆರಳಿನಲ್ಲಿ ಕುಳಿತು ಹೀಗೆ ಹೇಳಬಾರದು, ಆದರೂ ಆ ಬೇಸಿಗೆಯಷ್ಟು ಸುಖವನ್ನು ಸಿದ್ದಮ್ಮ ಮದುವೆಯಾಗಿ ಬಂದಮೇಲೆ ಕಂಡಿರಲಿಲ್ಲ. ಗುಡಿಸಲಿಗೆ ನಡುಮನೆಯಿಲ್ಲ, ಪಡಸಾಲೆಯಿಲ್ಲ, ಹೊಸಿಲೂ ಇಲ್ಲ. ದಾಟಬೇಡ ಎನ್ನುವುದಕ್ಕೆ ಏನಾದರೂ ಇರಬೇಕಲ್ಲ! ಬೆಳಗಿನ ಕೆಲಸ ಮುಗಿಸಿ ಸೌದೆಯ ನೆಪದಲ್ಲಿ ನಾಲ್ಕೈದು ಸೊಸೆಯಂದಿರು ಗುಡ್ಡ ಹತ್ತುವರು. ಮುಂದೆ ಸಿದ್ದಮ್ಮ, ಬೆನ್ನಿಗೆ ಗೌಡನ ಸೊಸೆ ದಾಕ್ಷಾಯಣಿ. ಇಬ್ಬರದೂ ಅಕ್ಕಪಕ್ಕದ ಮನೆ, ಒಂದೇ ವರ್ಷದ ಮದುವೆ. ತೂಬರೆ ಹಣ್ಣು ಕಿತ್ತು ಸೆರಗಿಗೆ ಕಟ್ಟಿಕೊಳ್ಳುವುದು, ಬಂಡೆಯ ಮೇಲಿಂದ ಕುಂಡೆಯೂರಿ ಜಾರುವುದು, ಬಂಡೆ ನಡುವಿನ ದೊಣೆಯ ನೀರಿಗೆ ಸೀರೆ ಎತ್ತಿಕಟ್ಟಿ ಇಳಿಯುವುದು. ದಾಕ್ಷಾಯಣಿಗೆ ಈಜು ಬಾರದು. ಸಿದ್ದಮ್ಮ ಅವಳ ಹೊಟ್ಟೆಯಡಿ ಕೈಕೊಟ್ಟು ಕಲಿಸಿದಳು.

"ಕೈ ಬಿಟ್ಟೀಯ ಲೇ ಸಿದ್ದಿ, ಗೌಡ್ರ ಸೊಸೆ ಹೋಗಿಬಿಟ್ಳು ಅಂತ ನಿನ್ನ ಹಿಡ್ಕೊಂಡು ಹೊಡೀತಾರೆ!"

"ನೀನು ಹೋದ್ರೆ ಗೌಡ್ರಿಗೇನು, ಇನ್ನೊಬ್ಬಳನ್ನ ತರ್ತಾರೆ. ನಂಗೆ ಸಿಗಲ್ಲ. ಸುಮ್ನೆ ಕಾಲು ಬಡಿ."

ಗುಡ್ಡದ ನೆತ್ತಿಯಿಂದ ನೋಡಿದರೆ ಖಾಲಿ ಊರು ಕಾಣುತ್ತಿತ್ತು. ಒಂದು ಕಡೆಯಿಂದಲೂ ಹೊಗೆಯಿಲ್ಲ. ಸಿದ್ದಮ್ಮನ ಕಣ್ಣು ಮಾತ್ರ ತನ್ನ ಹಿತ್ತಲನ್ನು ಹುಡುಕುತ್ತಿತ್ತು. ಐದು ತಿಂಗಳಿಂದ ಮುದ್ದೆ, ಹುರುಳಿಸಾರು; ಹುರುಳಿಸಾರು, ಮುದ್ದೆ. ಅಲ್ಲಿ ನುಗ್ಗೆಮರ ಜೋತಾಡುವಷ್ಟು ಬಿಟ್ಟಿರುತ್ತದೆ, ಮಾಡಿನ ಮೇಲೆ ಬೂದುಗುಂಬಳ ಒಣಬಳ್ಳಿಗೆ ಹಾಗೇ ಕುಳಿತಿರುತ್ತವೆ, ನಿಂಬೆ ಉದುರಿ ಕೊಳೆಯುತ್ತಿರುತ್ತದೆ.

"ಹೋಗಾಣೇನೆ?" ಎಂದವಳು ದಾಕ್ಷಾಯಣಿ.

ಉಳಿದವರಿಗೆ ಹೇಳದೆ ಇಬ್ಬರೇ ಹೋದರು. ನಡುಮಧ್ಯಾಹ್ನ, ಗಂಡಸರು ಮರದ ನೆರಳಲ್ಲಿ ಬಿದ್ದುಕೊಂಡಿದ್ದ ಹೊತ್ತು. ಮನೆಯೊಳಗೆ ಹೋಗಲಿಲ್ಲ, ಹಿಂದಿನ ಬೇಲಿ ಸರಿಸಿ ನೇರ ಹಿತ್ತಲಿಗೆ. ಸಿದ್ದಮ್ಮ ನುಗ್ಗೆಮರ ಹತ್ತಿ ಕೊಂಬೆ ಅಲ್ಲಾಡಿಸಿದಳು, ದಾಕ್ಷಾಯಣಿ ಕೆಳಗೆ ಆಯ್ದಳು. ಏಳು ಕುಂಬಳ ಇದ್ದವು, ಹೊರಲಾಗುವಷ್ಟು ಎರಡು ಇಳಿಸಿದರು. ಬಾಗೂರಿನ ತವರಿಂದ ತಂದು ಬಾವಿಯ ಪಕ್ಕ ನೆಟ್ಟಿದ್ದ ಮಲ್ಲಿಗೆ ಗಿಡ, ಯುಗಾದಿಯಾದ ಮೇಲೆ ಬಿದ್ದ ಒಂದು ಅಡ್ಡಮಳೆಗೆ ಚಿಗುರಿ, ಅಕ್ಕಿಕಾಳಿನಷ್ಟು ಮೊಗ್ಗು ಹಿಡಿದಿತ್ತು. ಊರಿಗೆಲ್ಲ ಇದ್ದದ್ದು ಅದೊಂದೇ ಮಲ್ಲಿಗೆ. "ಅರಳೋ ಹೊತ್ತಿಗೆ ನಾವು ಊರೊಳಗೆ ಇರ್ತೀವಿ ಬಿಡು," ಎಂದು ದಾಕ್ಷಾಯಣಿ ಎಲೆ ಸವರಿದಳು. ಮರಳುವ ದಾರಿಯಲ್ಲಿ ಸರಿಪಾಲು ಹಂಚಿಕೊಂಡು, ಯಾರಾದರೂ ಕೇಳಿದರೆ ಶ್ರೀರಾಂಪುರದ ಸಂತೆಯದು ಎನ್ನುವುದೆಂದು ಮಾತಾಡಿಕೊಂಡರು. ಇಬ್ಬರೂ ಒಂದೇ ಮಾತು ಹೇಳಬೇಕು.

ಮರುದಿನ ಹೊತ್ತು ಹುಟ್ಟುವ ಮೊದಲೇ ಗೌಡ ಅವಳ ಗುಡಿಸಲ ಮುಂದೆ ನಿಂತಿದ್ದ. "ಊರೊಳಗೆ ಹೋಗಿದ್ಯಂತೆ. ಹೌದೋ ಅಲ್ಲೋ?" ಗಂಡ ತಿಪ್ಪೇರುದ್ರಪ್ಪ ಬಾಡಿಗೆ ಗಾಡಿ ಕಟ್ಟಿಕೊಂಡು ಹಿರಿಯೂರ ಕಡೆ ಹೋಗಿದ್ದ; ಅಡ್ಡ ಬಂದು ಮಾತಾಡುವವರು ಯಾರೂ ಇರಲಿಲ್ಲ. ಸಿದ್ದಮ್ಮ ಸುಳ್ಳು ಹೇಳಲಾರದೆ ತಲೆ ತಗ್ಗಿಸಿದಳು. ಒಬ್ಬಳೇ ಹೋಗಿದ್ದೆಯಾ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಊರಿಂದ ಬಂದವಳು ಮುಟ್ಟಲು ಹೆದರಿ ರಾತ್ರಿಯೆಲ್ಲ ತೊಟ್ಟಿಲಲ್ಲಿ ಬೇರೆ ಮಲಗಿಸಿದ್ದ ಮಗುವನ್ನು ಸಾಲುಗುಡಿಸಲಿನ ಒಂಟಿ ಮುದುಕಿ ಮುದ್ದಕ್ಕ ಬಂದು ಎತ್ತಿಕೊಂಡಳು. ಅದು ಎದೆಗೆ ಬಾಯಿ ಹಾಕಲು ಹೊರಳಿ ಅಳುತ್ತಿದ್ದುದು ಹೊಲ ದಾಟುವತನಕ ಕೇಳಿಸಿತು.

ಯಾರೋ ದನಕಾಯುವವರು ನೋಡಿರಬೇಕು ಎಂದೇ ಆರು ದಿನವೂ ಸಿದ್ದಮ್ಮ ತಿಳಿದಿದ್ದಳು. ಸದ್ಯ ದಾಕ್ಷಿ ಸಿಕ್ಕಿಬೀಳಲಿಲ್ಲವಲ್ಲ ಎಂದು ಸಮಾಧಾನವನ್ನೂ ಪಟ್ಟಿದ್ದಳು.

ಕುಡಿಕೆ ತೊಳೆದು ಬೋರಲು ಹಾಕುವಷ್ಟರಲ್ಲಿ ಮುದ್ದಕ್ಕನ ದನಿ ಕೇಳಿತು. ಮುದುಕಿ ದಿನವೂ ಊಟ ತಂದು ಇಪ್ಪತ್ತು ಮಾರು ದೂರದ ಚಪ್ಪಡಿ ಕಲ್ಲಿನ ಮೇಲಿಟ್ಟು ಹಿಂದೆ ಸರಿದು ಕುಕ್ಕರುಗಾಲಲ್ಲಿ ಕೂರುವಳು.

"ಲೇ ಸಿದ್ದಿ, ಬದುಕಿದೀಯೇನೆ?"

"ನಿಮಗೆ ಹೇಳದೆ ಸಾಯ್ತೀನಾ ಮುದ್ದಕ್ಕ? ಕುಂತ್ಕಳ್ರಿ. ಮಗು ಹೆಂಗೈತೆ?"

"ಅದಕ್ಕೇನು, ರಾಜನಂಗೈತೆ. ಅವತ್ತೇ ದಾಕ್ಷಾಯಣಿ ತಾನೇ ಬಂದು ಇಸ್ಕೊಂಡು ಹೋದಳು, ನಮ್ಮನೇಲಿ ಹಸ ಕರೀತೈತೆ, ನಾನು ನೋಡ್ಕೊಂತೀನಿ ಅಂತ. ಮೊದಲೆರಡು ದಿನ ಗೋಳಾಡ್ತು, ನೀನು ನೊಂದ್ಕೊಂತೀಯ ಅಂತ ನಿಂಗೆ ಏನೂ ಹೇಳಿರ್ಲಿಲ್ಲ. ಈಗ ಒಳ್ಳೆ ಒಗ್ಗಿಕೊಂಡೈತೆ. ಅವಳ ಸೆರಗು ಬಿಡಲ್ಲ ಅಂತೀನಿ!"

ಸಿದ್ದಮ್ಮನಿಗೆ ಹಾಯೆನಿಸಿತು. ಆ ಹಾಯಿಯ ಒಳಗೇ ಒಂದು ಮುಳ್ಳೂ ಆಡಿತು. ಊಟದ ಬುಟ್ಟಿಯ ಪಕ್ಕ ಮುತ್ತುಗದ ಎಲೆಯಲ್ಲಿ ಕಟ್ಟಿದ ಒಂದು ಪೊಟ್ಟಣವಿತ್ತು.

"ಅದೇನು?"

"ಮಲ್ಲಿಗೆ ಕಣೆ. ದಾಕ್ಷಾಯಣಿ ಕೊಟ್ಟಳು. ಎದೆ ಬಿಗಿದು ಒದ್ದಾಡ್ತಿರ್ತಾಳೆ, ರಾತ್ರಿ ಬಿಗಿಯಾಗಿ ಕಟ್ಕಳಾಕೆ ಹೇಳ್ರಿ, ಎರಡು ದಿನದಾಗೆ ಹಾಲು ಬತ್ತಿ ನೋವು ಇಳೀತೈತೆ ಅಂದ್ಳು. ಮಗು ಹೆಂಗೂ ಹಸೀನ ಹಾಲಿಗೆ ಒಗ್ಗೈತಲ್ಲ. ನಿಂದೇ ಚಿಂತೆ ಅವಳಿಗೆ." ಮುದ್ದಕ್ಕ ದನಿ ತಗ್ಗಿಸಿದಳು. "ಪಾಪ, ಬಾಯಿ ತಪ್ಪಿ ಅಂದುಬಿಟ್ಟೆ ಅಂತ ಕೊರಗ್ತಾಳೆ."

"ಏನಂದಳು?"

"ಅಯ್ಯೋ, ನಿಂಗೆ ಗೊತ್ತಿಲ್ವಾ? ಅವತ್ತು ಸಾರಿನಾಗೆ ನುಗ್ಗೇಕಾಯಿ ಕಂಡು ಗೌಡ್ರು ಕೇಳಿದ್ರಂತೆ, ಇದೆಲ್ಲಿಂದು ಅಂತ. ಸಿದ್ದಿ ಊರೊಳಗೆ ಹೋಗಿ ತಂದಿದ್ಳು, ನಾನು ಬ್ಯಾಡ ಅಂದ್ರೂ ಕೇಳದೆ ಕೈಗೆ ತುರುಕಿದ್ಳು ಅಂದಳಂತೆ. ಕಾಯೆಲ್ಲ ತಿಪ್ಪೆಗೆ ಹಾಕ್ಸಿದ್ರು ಗೌಡ್ರು."

ಮುದ್ದಕ್ಕ ಎದ್ದು ಹೋದ ಮೇಲೂ ಬಹಳ ಹೊತ್ತು ಊಟ ಕಲ್ಲಿನ ಮೇಲೇ ಇತ್ತು. ಹೆದರಿ ಬಾಯಿಬಿಟ್ಟಿದ್ದರೆ ಹೋಗಲಿ ಎನ್ನಬಹುದಿತ್ತು. ಮಾವನೆದುರು ಯಾರಿಗೆ ನಾಲಗೆ ನಡುಗುವುದಿಲ್ಲ? ಆದರೆ 'ಬ್ಯಾಡ ಅಂದ್ರೂ ಕೇಳದೆ' ಎಂಬ ಮಾತು ಹೆದರಿಕೆಯಲ್ಲಿ ಹುಟ್ಟುವಂಥದ್ದಲ್ಲ. ಅದನ್ನು ಕೂತು ಹೊಸೆಯಬೇಕು. ಹೋಗಾಣೇನೆ ಎಂದು ಕೇಳಿದ ಬಾಯೇ ಅದನ್ನು ಹೊಸೆದಿತ್ತು.

ಎದ್ದು ಹೋಗಿ ಪೊಟ್ಟಣ ಬಿಚ್ಚಿದಳು. ಅರಳಿದ ಹೂವು, ಬೆಳಗ್ಗೆ ಕಿತ್ತದ್ದು. ತೊಟ್ಟಿನ ಹಸಿ ಇನ್ನೂ ಆರಿರಲಿಲ್ಲ. ಇದು ತನ್ನ ಬಾವಿಯ ಪಕ್ಕದ ಗಿಡದ್ದು. ಅಂದರೆ ದಾಕ್ಷಾಯಣಿ ಇವತ್ತು ಬೆಳಗ್ಗೆಯೂ ಊರೊಳಗೆ ಹೋಗಿದ್ದಾಳೆ. ಆ ಕಾಲಲ್ಲೇ ಬಂದು ಗುರುಸಿದ್ದನನ್ನು ಎತ್ತಿಕೊಂಡಿದ್ದಾಳೆ. ಅವತ್ತು ತನ್ನ ಜತೆ ಬಂದವಳೂ ಅವಳೇ ಎಂಬುದು ಮಗುವಿನ ಸುದ್ದಿ ಕೇಳಿದ ಹಾಯಿಯಲ್ಲಿ ಹೊಳೆದೇ ಇರಲಿಲ್ಲ. ತಾನು ಇಲ್ಲಿ ದಿನಕ್ಕೆ ಹತ್ತು ಸಲ ಕಂಕುಳು ತಡವಿ ಗಂಟು ಎದ್ದಿದೆಯೇ ಎಂದು ನೋಡಿಕೊಳ್ಳುತ್ತಿರುವಾಗ, ಮಗುವಿಗೆ ಯಾವ ಗಾಳಿ ತಾಗಬಾರದೆಂದು ಇಷ್ಟೆಲ್ಲ ಮಾಡಿದರೋ ಅದೇ ಗಾಳಿಯ ಮಡಿಲಲ್ಲಿ ಅದು ಮಲಗಿತ್ತು.

ಮಧ್ಯಾಹ್ನ ಗೌಡ ಬಂದ. ದಿನವೂ ಬರುವನು, ದೂರ ನಿಂತು ಜ್ವರ ಕೇಳುವನು.

"ಮೈ ಬೆಚ್ಚಗಾತಾ?"

"ಇಲ್ರಿ."

"ಸರಿ." ಹೊರಟವನು ತಿರುಗಿ ನಿಂತ. "ಅವತ್ತು ಕೇಳೋದೇ ಮರೆತೆ. ನಿನ್ನ ಜತೆ ಇನ್ಯಾರಾದ್ರೂ ಹೋಗಿದ್ರೇನವ್ವ? ಮುಚ್ಚಿಡಬ್ಯಾಡ. ಇದು ನಾಲ್ಕು ಜನದ ಜೀವದ ಮಾತು."

ನಾಲಗೆಯ ತುದಿಯಲ್ಲೇ ಇತ್ತು. ಹೂವಿನ ಪೊಟ್ಟಣ ಬಾಗಿಲ ಹಿಂದೆಯೇ ಇತ್ತು, ತೋರಿಸಿದರೆ ಮುಗಿಯಿತು. ಈ ಮನುಷ್ಯ ಸೊಸೆಯೆಂದು ನೋಡುವವನಲ್ಲ. ಸಂಜೆಯೊಳಗೆ ದಾಕ್ಷಾಯಣಿಯನ್ನು ಹೊರಗೆ ಹಾಕುತ್ತಾನೆ. ಆದರೆ ಅವಳನ್ನೊಬ್ಬಳನ್ನೇ ಅಲ್ಲ. ಐದು ರಾತ್ರಿ ಅವಳ ಪಕ್ಕ ಮಲಗಿದ ಮಗುವನ್ನೂ ಹಾಕುತ್ತಾನೆ. ಹೊಸದಾಗಿ ಸೋಕಿದವರನ್ನು ಆರು ದಿನ ಕಳೆದ ತನ್ನ ಜತೆ ಸೇರಿಸುವುದಿಲ್ಲ; ಖಾಲಿ ಇದ್ದದ್ದು ಆಚೆಯದೊಂದೇ ಗುಡಿಸಲು, ಪುಷ್ಯದಲ್ಲಿ ಎರಡು ಹೆಣ ಎತ್ತಿದ್ದು.

"ಒಬ್ಬಳೇ ಹೋಗಿದ್ದೆ," ಎಂದಳು ಸಿದ್ದಮ್ಮ.

ಹೊತ್ತು ಇಳಿಯುವಾಗ ದಾಕ್ಷಾಯಣಿಯೇ ಬಂದಳು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು. ಹಿಂದೆ ರಾತ್ರಿಯ ಬುತ್ತಿ ಹಿಡಿದ ಮುದ್ದಕ್ಕ ಇನ್ನೂ ಹೊಲದ ಆ ತುದಿಯಲ್ಲಿ ಕಾಲೆಳೆಯುತ್ತಿದ್ದಳು.

"ನೋಡ್ಲಿ ಅಂತ ಕರ್ಕೊಂಡು ಬಂದೆ ಕಣೆ ಸಿದ್ದಿ. ನೋಡೋ ಗುರುವ, ಅವ್ವ ನೋಡೋ!"

ಮಗು ನೋಡಿತು. ಅದರ ಕೆನ್ನೆ ತುಂಬಿಕೊಂಡಿತ್ತು. ಸಿದ್ದಮ್ಮನ ಎದೆಯಲ್ಲಿ ಹಾಲು ಸುರ್ರನೆ ಇಳಿದು ಕುಪ್ಪಸ ಒದ್ದೆಯಾಯಿತು. ಮಗು ಒಂದು ಗಳಿಗೆ ನೋಡಿ, ನಾಚಿದಂತೆ ದಾಕ್ಷಾಯಣಿಯ ಹೆಗಲಲ್ಲಿ ಮುಖ ಹುದುಗಿಸಿತು.

"ಮಲ್ಲಿಗೆ ಕಟ್ಕೊಂಡ್ಯಾ?"

"ಎಲ್ಲಿಂದ ತಂದೆ ಅದನ್ನ?"

"ಶ್ರೀರಾಂಪುರದ ಬಳೆಗಾರ್ತಿ ಕೊಟ್ಟಳು."

"ಪ್ಲೇಗಿನ ಗುಡಿಸಲಿಗೆ ಯಾವ ಬಳೆಗಾರ್ತಿ ಬರ್ತಾಳೆ ದಾಕ್ಷಿ?"

ದಾಕ್ಷಾಯಣಿಯ ಮುಖ ಬಿಳುಚಿತು. "ನಿಂಗೋಸ್ಕರನೇ ಹೋದೆ ಕಣೆ. ನಿನ್ನ ನೋವು ನೆನೆಸ್ಕೊಂಡ್ರೆ ನಂಗೆ ಅನ್ನ ಇಳೀತಿರ್ಲಿಲ್ಲ."

"ಮಾವನ ಹತ್ರ ಹೇಳೋವಾಗ ಇಳೀತಿತ್ತಾ?"

"ಅವರು ಹಂಗೆ ಕಣ್ಣು ಬಿಟ್ಕೊಂಡು ಕೇಳಿದ್ರೆ ನಾನೇನು ಮಾಡ್ಲಿ? ನಿಂಗಾದ್ರೆ ಗಂಡ ಬೈದು ಸುಮ್ನಾಗ್ತಾನೆ. ನಂಗೆ ಅಂಗಲ್ಲ. ತವರಿಗೆ ಅಟ್ಟಿಬಿಡ್ತಾರೆ." ಅವಳ ಕಣ್ಣಲ್ಲಿ ನೀರು ಬಂತು. "ಹೇಳಿಬಿಟ್ಯಾ? ಮಧ್ಯಾಹ್ನ ಬಂದಿದ್ರಂತಲ್ಲ, ಹೇಳಿಬಿಟ್ಯಾ ಸಿದ್ದಿ?"

ಸಿದ್ದಮ್ಮ ಅದಕ್ಕೆ ಉತ್ತರ ಕೊಡಲಿಲ್ಲ. "ಮಗೂನ ಮುದ್ದಕ್ಕನ ಕೈಗೆ ಕೊಡು," ಎಂದಳು. "ಈಗ್ಲೇ. ಇನ್ಮೇಲೆ ಮುಟ್ಟಬ್ಯಾಡ. ಹಾಲು ಕರೆದು ದೂರ ಇಟ್ಟು ಬಾ."

ಮುದ್ದಕ್ಕ ಏದುಸಿರು ಬಿಡುತ್ತ ಬಂದು ನಿಂತಾಗ ದಾಕ್ಷಾಯಣಿ ಮಗುವನ್ನು ಚಾಚಿದಳು. "ಯಾಕೆ, ಏನಾತು?" "ಸೊಂಟ ಹಿಡ್ಕೊಂಡೈತೆ ಮುದ್ದಕ್ಕ, ನಾಲ್ಕು ದಿನ ನೀವೇ ನೋಡ್ಕಳ್ರಿ." ಮಗು ಕೈಕಾಲು ಬಡಿದು ಅತ್ತಿತು. ಚಾಚಿದ ಎರಡು ಕೈಯೂ ದಾಕ್ಷಾಯಣಿಯ ಕಡೆಗೇ ಇದ್ದವು. ಸಿದ್ದಮ್ಮ ನೋಡುತ್ತ ನಿಂತಳು. ದಾಕ್ಷಾಯಣಿ ಹಿಂತಿರುಗಿ ನೋಡದೆ ಹೊಲದ ಬದುವಿನ ಮೇಲೆ ಹೋಗುವಾಗ ಮುದ್ದಕ್ಕ ಬುತ್ತಿಯನ್ನು ಕಲ್ಲಿನ ಮೇಲಿಟ್ಟು, "ಏನಂದೆ ಅವಳಿಗೆ? ಕಣ್ಣೀರು ಹಾಕ್ತಾವಳೆ," ಎಂದಳು.

"ನಾನೇನಂದೆ? ಏನೂ ಇಲ್ಲ."

"ಜತೆಗಾತಿ ಅಂದ್ರೆ ಹಂಗಿರಬೇಕು ನೋಡು," ಎಂದು ಹೇಳಿ ಮುದುಕಿ ಅಳುವ ಮಗುವನ್ನು ತಟ್ಟುತ್ತ ಹೋದಳು.

ಸಿದ್ದಮ್ಮ ಒಳಗೆ ಬಂದು ಮಲ್ಲಿಗೆಯನ್ನು ಒಲೆಗೆ ಹಾಕಿದಳು. ಹಸಿ ಹೂವು, ಬೇಗ ಹತ್ತಿಕೊಳ್ಳಲಿಲ್ಲ. ಊದುಗೊಳವೆ ಹಿಡಿದು ಊದಬೇಕಾಯಿತು.

ಊದುತ್ತಲೇ ಮುಂದಿನದೆಲ್ಲ ಅವಳಿಗೆ ನಿಚ್ಚಳವಾಯಿತು. ಹನ್ನೊಂದನೆಯ ದಿನ ಎಲ್ಲರೆದುರು ದಾಕ್ಷಾಯಣಿಯ ಕೈ ಹಿಡಿದು, 'ನಿನ್ನಿಂದ ನನ್ನ ಮಗು ಉಳೀತು ಕಣವ್ವ' ಎನ್ನಬೇಕು. ಗಂಡ ಬಂದಾಗಲೂ ಹಾಗೇ ಹೇಳಬೇಕು. ಊರು ಸೇರಿದ ಮೇಲೆ ಉಪ್ಪು ಕೇಳಿದರೆ ಉಪ್ಪು, ಬೆಂಕಿ ಕೇಳಿದರೆ ಬೆಂಕಿ ಕೊಡಬೇಕು. ಕರೆದರೆ ಹೋಗಬೇಕು, ನಗಿಸಿದರೆ ನಗಬೇಕು. ಹೇಳಿದೆಯಾ ಇಲ್ಲವಾ ಎಂದು ಅವಳು ಕೇಳುತ್ತಲೇ ಇರಲಿ, ಅದೊಂದಕ್ಕೆ ಮಾತ್ರ ಬದುಕಿರುವತನಕ ಉತ್ತರ ಕೊಡಬಾರದು. ತನ್ನ ಮನಸ್ಸಿನದೊಂದು ಮಾತೂ ಇನ್ನು ಆ ಕಿವಿಗೆ ಬೀಳಬಾರದು.

ಹೊರಗೆ ಕಲ್ಲಿನ ಮೇಲೆ ಮುದ್ದೆ ಆರುತ್ತಿತ್ತು. ಹೋಗಿ ತಂದುಕೊಂಡಳು. ಹಸಿವಿರಲಿಲ್ಲ, ಆದರೂ ಸಾರಿನಲ್ಲಿ ಅದ್ದಿ ಒಂದೊಂದೇ ತುತ್ತು ನುಂಗಿದಳು. ಹಾಲು ಉಳಿಯಬೇಕಾದರೆ ಹೊಟ್ಟೆಗೆ ಬೀಳಬೇಕು.