ಬಿಬಿಜಾನಳ ನಾಲಿಗೆ

ಹೆಣಕ್ಕೆ ಸ್ನಾನ ಮಾಡಿಸಲು ಬಂದಿದ್ದ ದಿಲನಾಜ, ಬಟ್ಟೆ ಸುತ್ತಿದ ಬೆರಳನ್ನು ಬಿಬಿಜಾನಳ ಹಲ್ಲಿನ ಮೇಲೆ ಆಡಿಸುತ್ತಿದ್ದಾಗ ದವಡೆಯ ಒಳಗೆ ಏನೋ ಗಟ್ಟಿಯಾದದ್ದು ತಾಕಿತು. ಮೆಲ್ಲಗೆ ಹೊರಗೆ ತೆಗೆದಳು. ಬೆಳ್ಳಗಿತ್ತು.

"ಹಲ್ಲು ಉದುರೇತಿ ಅಂದ್ಕೊಂಡೆ," ಎಂದಳು. "ಹುಣಸಿ ಬೀಜ ಐತಲ್ಲ ಇದು! ಸಿಪ್ಪಿ ಬಿಟ್ಟು ಹೋಗೇತಿ. ಇದ್ಯಾಕ ಬಾಯಾಗ ಇಟ್ಕೊಂಡಿದ್ಲು ನಿಮ್ಮ ಅಮ್ಮಿ?"

ನೀರು ಹುಯ್ಯುತ್ತಿದ್ದ ಮಗಳು ನಸ್ರೀನ್ ತಂಬಿಗೆ ಕೆಳಗಿಟ್ಟಳು. ಅವಳ ಎಡಗೆನ್ನೆಯೊಳಗೂ ಅಂಥದೇ ಒಂದು ಬೀಜವಿತ್ತು. ಕೈ ಚಾಚಿ ತಾಯಿಯದನ್ನು ಇಸಿದುಕೊಂಡು ಮುಷ್ಟಿ ಮುಚ್ಚಿದಳು.

ಹೊರಗೆ ತಾಡಪಾಲಿನ ಕೆಳಗೆ ಗಂಡಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ಬ್ಯಾಡಗಿಯಲ್ಲಿ ಯಾರ ಸಾವಾದರೂ ಮಾತು ಮೆಣಸಿನಕಾಯಿಯ ಸುತ್ತಲೇ ತಿರುಗುತ್ತದೆ. ಸತ್ತವಳು ಜೀವಮಾನವಿಡೀ ಮೆಣಸಿನಕಾಯಿಯ ತೊಟ್ಟು ಮುರಿದವಳು.

"ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ ಅಂತಾರ," ಎಂದ ಒಬ್ಬ. "ಖಾರ ಎಲ್ಲಿ ಹೋಗಿತ್ತು ಹೇಳ್ರಿ? ಎಲ್ಲಾ ಬಿಬಿಜಾನಳ ಬಾಯಾಗ ಇತ್ತು."

"ಬೈಯೂದಂದ್ರ ಏನ್ ಬೈಯೂದು! ಮನಿಯಾಗ ಉರ್ದು ಮಾತಾಡಾಕಿ, ಬೈಯಾಕ ಮಾತ್ರ ಕನ್ನಡನ ಬೇಕು."

"ಎರಡು ವರ್ಷದಿಂದ ಸುಧಾರಿಸಿದ್ಲು ಬಿಡ್ರಿ. ಓಣಿ ತಣ್ಣಗಾಗಿತ್ತು."

ಮಗ ಜಹಾಂಗೀರ ತಲೆ ತಗ್ಗಿಸಿ ಕೇಳಿಸಿಕೊಂಡ. ತಾಯಿಯ ಬಾಯಿಯ ಸಲುವಾಗಿ ಅವನು ಸಣ್ಣವನಿದ್ದಾಗಿನಿಂದ ತಲೆ ತಗ್ಗಿಸುತ್ತಲೇ ಬಂದಿದ್ದ. ಹಿರಿಯ ಇಸಾಕಸಾಬ ಅವನ ಭುಜ ಮುಟ್ಟಿದ. "ಜನಾಜಾ ಎತ್ತೂ ಮುಂದ ಎಲ್ಲಾರ ಹಂತೇಕ ಮಾಫಿ ಕೇಳ್ಕೊಂಡುಬಿಡು, ತಮ್ಮಾ. ನಿಮ್ಮ ಅಮ್ಮಿಗಂತೂ ಭಾಳ ಮಂದಿ ಕಡೆ ಕೇಳೂದೈತಿ."

ಜಹಾಂಗೀರ ಒಳಗೆ ಬಂದು ತಂಗಿಯನ್ನು ಮೂಲೆಗೆ ಕರೆದ.

"ರಾಣೆಬೆನ್ನೂರಿಂದ ನಿನ್ನ ಗಂಡ ಫಿರೋಜ್ ಬಂದಾನ, ನಿಮ್ಮತ್ತಿನೂ ಬಂದಾಳ. ಜನಾಜಾ ಹೋದಮ್ಯಾಲೆ ಆಕಿ ಮುಂದ ಕುಂತು ಮಾಫ್ ಮಾಡ್ರಿ ಅಂದುಬಿಡು. ಕರಕೊಂಡು ಹೊಕ್ಕಾರಂತ. ಅಮ್ಮಿದೂ ನಿಂದೂ ಇವತ್ತ ಮುಗಿಸಿಬಿಡೂಣು."

ನಸ್ರೀನ್ ಹೂಂ ಎಂದು ಗೋಣು ಹಾಕಿದಳು. ತಪ್ಪು ತನ್ನದೇ ಎಂದು ಅವಳಿಗೂ ಅನ್ನಿಸಿಹೋಗಿತ್ತು.

*

ಅವಳ ತಪ್ಪು ಒಂದೇ ಮಾತಿನದು. ಎರಡು ವರ್ಷದ ಹಿಂದೆ ರಾಣೆಬೆನ್ನೂರಿನ ಗಂಡನ ಮನೆಗೆ ಬೀಗರು ಬಂದಿದ್ದ ದಿನ, ಅತ್ತೆ ಕೈಸರ ಬಂದವರಿಗೆಲ್ಲ ಬಿರಿಯಾನಿ ಬಡಿಸಿ, ಲಕ್ವಾ ಹೊಡೆದು ಮೂಲೆ ಹಿಡಿದಿದ್ದ ಮಾವನ ತಾಟಿಗೆ ಹಿಂದಿನ ದಿನದ ಹಳಸಿದ ಅನ್ನ ಹಾಕಿದ್ದಳು. "ಮಾವ ಮನುಷ್ಯಾ ಅಲ್ಲೇನ್ರಿ?" ಎಂದು ನಸ್ರೀನ್ ಎಲ್ಲರ ಎದುರು ಕೇಳಿದಳು. ಮರುದಿನ ಫಿರೋಜ್ ಅವಳನ್ನು ಬಸ್ಸು ಹತ್ತಿಸಿದ. ನಾಲ್ಕು ಜನರ ಮುಂದೆ ಮಾಫಿ ಕೇಳಿದರೆ ಮಾತ್ರ ಹೊಸ್ತಿಲು ದಾಟಬಹುದು ಎಂದು ಕೈಸರ ಹೇಳಿ ಕಳಿಸಿದಳು.

ಬಿಬಿಜಾನ್ ಮೊದಲು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಎದ್ದಳು. ಬಾಗಿಲ ತನಕ ಹೋಗಿ ನಿಂತಳು. ವಾಪಸು ಬಂದು ಗೋಡೆಗೆ ಒರಗಿ ಕೂತಳು.

"ನನ್ನ ನಾಲಿಗಿ ನಿನಗ ಬಂದೈತಿ," ಎಂದಳು. "ಈ ನಾಲಿಗೀಗೆ ಹೆದರಿ ನಿಮ್ಮಪ್ಪ ಮನಿ ಬಿಟ್ಟು ಹೋದ. ನಿಮ್ಮಣ್ಣ ನನ್ನ ಸಂಗಾಟ ಬಜಾರಕ್ಕ ಬರೂದಿಲ್ಲ. ಈಗ ನಿನ್ನ ಸಂಸಾರಾನೂ ನುಂಗ್ತು. ನಿನ್ನ ನಾ ಹಡದದ್ದ ತಪ್ಪಾತು."

ಹುಣಸೆಹಣ್ಣಿನ ಮಡಕೆಯಲ್ಲಿ ಕೈಯಾಡಿಸಿ ಎರಡು ಬೀಜ ತೆಗೆದಳು. ಒಂದನ್ನು ತನ್ನ ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಮಗಳ ಬಾಯಿಗಿಟ್ಟಳು.

"ಮಾತು ಬಂದಾಗ ಇದನ್ನ ಕಚ್ಚು."

ಸಿಪ್ಪೆ ಬಿಟ್ಟು ಮೆತ್ತಗಾದರೆ ಉಗುಳಿ ಇನ್ನೊಂದು ಹಾಕಿಕೊಳ್ಳುತ್ತಿದ್ದರು. ತಾಯಿ ಮಗಳಿಬ್ಬರೂ ಹೀಗೆ ಒಳ್ಳೆಯ ಹೆಂಗಸರಾದರು. ಓಣಿಗೆ ಸಂತೋಷವಾಯಿತು.

*

ಹಿಂದಿನ ತಿಂಗಳು ಬಿಬಿಜಾನಳಿಗೆ ಎದೆ ಹಿಡಿದುಕೊಂಡಿತು. ಮಗಳನ್ನು ಜೊತೆಗೆ ಕರೆದುಕೊಂಡು ದವಾಖಾನೆಗೆ ಹೋದಳು. ಹೊರಗೆ ಜನ ಪಾಳಿ ಹಚ್ಚಿ ಸಾಲಾಗಿ ನಿಂತಿದ್ದರು. ಬಿಳಿ ಅಂಗಿಯವನೊಬ್ಬ ಬಂದು ಪಾಳಿ ಮುರಿದು ಅವಳ ಮುಂದೆ ನಿಂತ. ಆಮೇಲೆ ಕಾರಿನಿಂದ ಇಳಿದ ಒಂದು ಕುಟುಂಬವೇ ನುಗ್ಗಿತು. ಮೊದಲಿನ ಬಿಬಿಜಾನ್ ಆಗಿದ್ದರೆ ಅವರ ಏಳು ತಲೆಮಾರನ್ನು ಎಬ್ಬಿಸಿ ಅದೇ ಪಾಳಿಯಲ್ಲಿ ನಿಲ್ಲಿಸುತ್ತಿದ್ದಳು. ಈಗ ಅವಳ ದವಡೆ ಮಾತ್ರ ಅಲುಗಿತು. ಬೀಜದ ಮೇಲೆ ಹಲ್ಲು ಕೂತ ಸದ್ದು ನಸ್ರೀನ್‌ಗೆ ಕೇಳಿಸಿತು. ಅವಳೂ ತನ್ನ ಬೀಜವನ್ನು ಕಚ್ಚಿದಳು.

ಅವರ ಪಾಳಿ ಬರುವ ಮೊದಲೇ ಹೊತ್ತಾಯಿತೆಂದು ದವಾಖಾನೆಯ ಬಾಗಿಲು ಹಾಕಿದರು.

"ಹೋಗ್ಲಿ ಬಿಡು," ಎಂದಳು ತಾಯಿ ವಾಪಸು ಬರುವ ಬಸ್ಸಿನಲ್ಲಿ. "ಯಾರ ಕೂಡಾನೂ ಜಗಳ ಆಗಲಿಲ್ಲ."

ಅದನ್ನು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು.

*

ಕಫನ್ ಬಟ್ಟೆ ಸುತ್ತಿ ಮುಖವಷ್ಟೇ ತೆರೆದು ಬಿಬಿಜಾನಳನ್ನು ಅಂಗಳದಲ್ಲಿಟ್ಟಿದ್ದರು. ಜಹಾಂಗೀರ ಎಲ್ಲರ ಮುಂದೆ ಕೈಕಟ್ಟಿ ನಿಂತ.

"ನಮ್ಮ ಅಮ್ಮಿ ಬಾಯಿಂದ ನಿಮಗೆಲ್ಲಾ ತ್ರಾಸಾಗಿರತೈತಿ. ಆಕಿ ಅಂದದ್ದು ಆಡಿದ್ದು ಏನಿದ್ರೂ ಮಾಫ್ ಮಾಡಿಬಿಡ್ರಿ."

"ಮಾಫ್ ಮಾಡೇವಿ," ಎಂದರು ಗಂಡಸರು. "ಮಾಡೇವಿ, ಮಾಡೇವಿ," ಎಂದರು ಬಾಗಿಲ ಹತ್ತಿರದ ಹೆಂಗಸರು. ದೊಡ್ಡ ಮನಸ್ಸಿನವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾ ಮಾಡಾಂಗಿಲ್ಲ."

ಹಾಗೆಂದವಳು, ಮೆಣಸಿನಕಾಯಿ ಯಾರ್ಡಿನಲ್ಲಿ ಬಿಬಿಜಾನಳ ಪಕ್ಕದಲ್ಲೇ ಕೂತು ತೊಟ್ಟು ಮುರಿಯುತ್ತಿದ್ದ ಉಡಚವ್ವ. ಎಲ್ಲರೂ ತಿರುಗಿದರು.

"ಹಂಗನಬಾರದು ಉಡಚವ್ವ," ಎಂದ ಇಸಾಕಸಾಬ. "ಮಣ್ಣಿಗೆ ಹೋಗೂ ಜೀವ. ಏನ್ ಅಂದಿದ್ರೂ ಬಿಟ್ಟುಬಿಡು."

"ಅಂದಿದ್ಲರಿ, ಬಾಯಿಗೆ ಬಂದಂಗ ಅಂದಿದ್ಲು. ಮಗ ನನ್ನ ಹೊರಗ ಹಾಕಿದಾಗ ರೈಲಿನ ಹಳಿ ಮ್ಯಾಲೆ ಹೋಗಿ ಕುಂತಿದ್ನಿ. ಎಲ್ಲಿಂದ ನೋಡಿದ್ಲೋ, ಬಂದ್ಲು. ಕೈ ಹಿಡಿದು ಎಬ್ಬಿಸಲಿಲ್ಲ. ಅಳಲಿಲ್ಲ. ಮಾರು ದೂರ ನಿಂತು ಬೈದ್ಲು ನೋಡ್ರಿ! ನಮ್ಮವ್ವಗ ಬೈದ್ಲು, ನಮ್ಮ ಮನಿತನಕ್ಕ ಬೈದ್ಲು. ನಿನ್ನ ಕುಂಡಿಗೆ ತಾಗಿ ರೈಲ್ ಉಳ್ಳಿ ಬೀಳತೈತಿ, ಅದರಾಗಿನ ಮಂದಿ ನಿನಗೇನ್ ಮಾಡ್ಯಾರ ಅಂದ್ಲು. ಹೊಟ್ಟಿ ಉರೀತು ನನಗ. ಇಕಿಗೆ ನಾಲ್ಕು ತಿರುಗಿ ಅಂದು ಆಮ್ಯಾಲೆ ಸಾಯೂಣು ಅಂತ ಎದ್ದು ಆಕಿ ಕಡೆ ಬಂದ್ನಿ. ಹಿಂದ ರೈಲ್ ಹೋತು. ನಮ್ಮ ಜಗಳ ಮುಗೀಲಿಲ್ಲ."

ಯಾರೋ ನಕ್ಕು ನಾಲಿಗೆ ಕಚ್ಚಿಕೊಂಡರು.

"ಮಾಫ್ ಮಾಡಿದ್ರ ಬೈದದ್ದು ತಪ್ಪು ಅಂದಂಗ ಆಗತೈತಿ. ಆ ಬೈಗುಳ ನನಗ ಬೇಕು. ನಾ ಬಿಟ್ಟುಕೊಡಾಂಗಿಲ್ಲ." ಉಡಚವ್ವ ಹೆಣದ ಮುಖದ ಕಡೆ ಕೈ ಮಾಡಿದಳು. "ಈ ಎರಡು ವರ್ಷ ಸುಮ್ಮನಿದ್ಲಲ್ಲ, ಅದನ್ನ ಬೇಕಾದ್ರ ಮಾಫ್ ಮಾಡಂತ ಕೇಳ್ರಿ, ನೋಡೂಣು. ನಿನ್ನಿ ಸಂಜೀಕ ನನ್ನ ಬಾಜೂಕ ಕುಂತಲ್ಲೇ ಒರಗಿದ್ಲು. ಒಂದು ಸದ್ದಿಲ್ಲ. ನಿದ್ದಿ ಹತ್ತೇತಿ ಅಂತ ನಾನೂ ನನ್ನ ಪಾಡಿಗೆ ತೊಟ್ಟು ಮುರಕೋತ ಕುಂತೆ. ಮೊದಲಿನ ಬಿಬಿಜಾನ್ ಆಗಿದ್ರ ನೋವು ಅಂತ ಒದರಿ ಇಡೀ ಯಾರ್ಡ್ ಎಬ್ಬಿಸ್ತಿದ್ಲು. ಇವತ್ತ ಹೆಣ ಆಗಿ ಮಲಗತಿರಲಿಲ್ಲ."

ನಸ್ರೀನ್ ತಾಯಿಯ ಮುಖ ನೋಡಿದಳು. ಬಾಯಿ ಸರಿಯಾಗಿ ಮುಚ್ಚಿತ್ತು. ದವಾಖಾನೆಯ ಪಾಳಿಯಲ್ಲಿ ಹಾಗೆಯೇ ಮುಚ್ಚಿತ್ತು. ಮುಷ್ಟಿಯೊಳಗಿನ ಬೀಜ ಅಂಗೈಗೆ ಒತ್ತುತ್ತಿತ್ತು.

"ಹೊತ್ತಾತು, ಎತ್ರಿ," ಎಂದ ಜಹಾಂಗೀರ ಯಾರನ್ನೂ ನೋಡದೆ.

*

ಗಂಡಸರ ಹೆಗಲ ಮೇಲೆ ಜನಾಜಾ ಓಣಿಗೆ ಇಳಿಯಿತು. ಕಲ್ಮಾ ಹೇಳುವ ದನಿ ಸ್ವಲ್ಪ ಸ್ವಲ್ಪವೇ ದೂರವಾಗುತ್ತಿತ್ತು. ಹೆಂಗಸರು ಚಾಪೆಯ ಮೇಲೆ ಕೂತರು. ನೆರೆಮನೆಯವರು ಆಗಲೇ ಕಪ್ಪು-ಬಸಿಯಲ್ಲಿ ಚಹಾ ತಂದುಕೊಟ್ಟರು. ಕೈಸರ ಕಪ್ಪು ಕೆಳಗಿಟ್ಟು, ಖಾಲಿ ಬಸಿ ಕೈಯಲ್ಲಿ ಹಿಡಿದು ಸೊಸೆಯನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

"ಹೋದಾಕಿ ಹೋದ್ಲು. ಆಕಿ ಬಾಯಿ ಆಕಿ ಸಂಗಾಟ ಮಣ್ಣಾಗ ಹೋಗ್ಲಿ," ಎಂದಳು. "ನನ್ನ ಮನಸ್ಸು ಸಣ್ಣದಲ್ಲ. ಎಲ್ಲಾರೂ ಅದಾರ. ಒಂದು ಮಾತು ಅಂದುಬಿಡು, ಮುಗೀತು. ಮನ್ಯಾಗ ಕೆಲಸ ಬಿದ್ದೇತಿ."

ಉಡಚವ್ವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

ನಸ್ರೀನ್ ಬಾಯಿಗೆ ಎರಡು ಬೆರಳು ಹಾಕಿ ಬೀಜವನ್ನು ತೆಗೆದಳು. ಅತ್ತೆಯ ಕೈಯಲ್ಲಿದ್ದ ಬಸಿಯಲ್ಲಿ ಇಟ್ಟಳು. ಮುಷ್ಟಿ ಬಿಚ್ಚಿ ಇನ್ನೊಂದನ್ನೂ ಅದರ ಪಕ್ಕದಲ್ಲಿಟ್ಟಳು. ಒಂದು ಕಂದು, ಒಂದು ಬಿಳಿ.

"ಏನಿದು ಹೊಲಸು?" ಎಂದಳು ಕೈಸರ.

"ನೀವು ತಾಯಿ-ಮಗ ಇಬ್ಬರೂ ಇಲ್ಲಿ ಬಂದೀರಿ," ಎಂದಳು ನಸ್ರೀನ್. ದನಿ ತುಕ್ಕು ಹಿಡಿದಿತ್ತು. "ಇವತ್ತ ಮಾವಗ ಅನ್ನ ಯಾರ ಹಾಕ್ತಾರ?"

"ಅವರ ಬಾಜೂಕ ಮುಚ್ಚಿಟ್ಟು ಬಂದೇನಿ. ಈಗ್ಯಾಕ ಅದು?"

"ಇವತ್ತಿನ ಅನ್ನಾನೋ, ನಿನ್ನೀದೋ?"

ಕೈಸರ ಬಸಿಯನ್ನು ನೋಡಿದಳು.

"ಕೇಳಾಕತ್ತೇನಿ! ಇವತ್ತಿಂದೋ, ನಿನ್ನೀದೋ?"

ಎರಡು ವರ್ಷದಿಂದ ಓಣಿ ಕೇಳದಿದ್ದ ಆ ದನಿ ಅಂಗಳ ದಾಟಿತು. ಓಣಿಯ ಎರಡೂ ಕಡೆಯ ಗೋಡೆಗಳಿಗೆ ಬಡಿದು ಮುಂದೆ ಹೋಯಿತು. ಓಣಿಯ ಕೊನೆಯ ತಿರುವಿನಲ್ಲಿ ಜನಾಜಾಕ್ಕೆ ಹೆಗಲು ಕೊಟ್ಟು ನಡೆಯುತ್ತಿದ್ದ ಇಸಾಕಸಾಬ ಗಕ್ಕನೆ ನಿಂತ. ಹಿಂದಿದ್ದ ಜಹಾಂಗೀರ ಮುಗ್ಗರಿಸಿದ. ಮುದುಕ ಹಿಂತಿರುಗಿ ಮನೆಯ ಕಡೆ ನೋಡಲಿಲ್ಲ. ಕತ್ತೆತ್ತಿ, ತನ್ನ ಹೆಗಲ ಮೇಲಿದ್ದುದನ್ನು ನೋಡಿದ.